ಕೂದ್ಲು ಉದುರ್ತಿದ್ಯಾ, ತುಂಡಾಗ್ತಿದ್ಯಾ? ಮೊದ್ಲು ಅದನ್ನ ನೋಡ್ಕೊಳ್ಳಿ

ಮನೇಲಿ ಹೆಣ್ಮಕ್ಳು ಯಾರೇ ಬಂದು "ದೊಡ್ಡಮ್ಮಾ, ಕೂದ್ಲು ಸಿಕ್ಕಾಪಟ್ಟೆ ಹೋಗ್ತಿದೆ, ಯಾವ ಎಣ್ಣೆ ಹಚ್ಲಿ" ಅಂತ ಕೇಳಿದ್ರೆ ನಾನು ಎಣ್ಣೆ ಹೆಸ್ರು ಹೇಳೋಕೇ ಹೋಗಲ್ಲ, ಬಾಚಣಿಗೇಲಿ ಬಂದಿರೋ ಕೂದ್ಲು ತಗೊಂಡ್ ಬಾ ಅಂತೀನಿ. ಅದನ್ನ ಒಂದು ಬಿಳಿ ಹಾಳೆ ಮೇಲೆ ಹಾಕಿ ಕಿಟಕಿ ಬೆಳಕಲ್ಲಿ ಒಂದೊಂದೇ ಎಳೆ ಬಿಡಿಸಿ ನೋಡಿ. ಒಂದು ತುದೀಲಿ ಸಣ್ಣದಾಗಿ ಬೆಳ್ಳಗೆ ಗುಂಡು ಇದ್ದು, ಎಳೆ ನಿಮ್ಮ ಕೂದಲಷ್ಟೇ ಉದ್ದ ಇದ್ರೆ ಅದು ಬುಡದಿಂದ ಬಂದಿದ್ದು, ಅಂದ್ರೆ ಉದುರಿದ್ದು. ಗುಂಡು ಇಲ್ಲ, ಎಳೆನೂ ಗಿಡ್ಡ ಇದೆ, ಎರಡೂ ಕಡೆ ಚೂಪು ಚೂಪು ಅಂದ್ರೆ ಅದು ನಡುವೆ ತುಂಡಾಗಿದ್ದು. ಎರಡಕ್ಕೂ ಕಾರಣ ಬೇರೆ, ಮಾಡ್ಬೇಕಾದ್ದೂ ಬೇರೆ. ತುಂಡಾಗೋ ಕೂದಲಿಗೆ ಮಾತ್ರೆ ನುಂಗಿ ಏನೂ ಉಪಯೋಗ ಇಲ್ಲ, ಬುಡದಿಂದ ಉದುರೋದಕ್ಕೆ ಕಂಡೀಷನರ್ ಬದಲಾಯಿಸಿನೂ ಉಪಯೋಗ ಇಲ್ಲ. ಇದೊಂದು ಗೊತ್ತಾಗ್ದೆ ಎಷ್ಟೋ ಜನ ದುಡ್ಡು ಸುರೀತಾರೆ.

ಇನ್ನೊಂದು ವಿಷಯ, ಉದುರೋದೆಲ್ಲಾ ಕಾಯಿಲೆ ಅಲ್ಲ. ತಲೇಲಿ ಹೆಚ್ಚೂ ಕಡಿಮೆ ಒಂದು ಲಕ್ಷ ಕೂದ್ಲು ಇರತ್ತೆ, ದಿನಕ್ಕೆ 50ರಿಂದ 100 ಹೋಗೋದು ಮಾಮೂಲಿ. ಒಂದೊಂದು ಕೂದ್ಲೂ 2ರಿಂದ 6 ವರ್ಷ ಬೆಳೆಯತ್ತೆ, ಆಮೇಲೆ ಸುಮಾರು 3 ತಿಂಗಳು ಸುಮ್ನೆ ಕೂತಿದ್ದು ಬಿದ್ದೋಗತ್ತೆ, ಅದೇ ಜಾಗದಲ್ಲಿ ಹೊಸದು ಬರತ್ತೆ. ವಾರಕ್ಕೊಂದ್ಸಲ ತಲೆಗೆ ಹಾಕ್ಕೊಳ್ಳೋರಿಗೆ ಆ ದಿನ ಬಚ್ಚಲಲ್ಲಿ ಕೂದ್ಲು ನೋಡಿ ಎದೆ ಧಸಕ್ ಅನ್ನತ್ತಲ್ಲ, ಅದು ವಾರದ ಲೆಕ್ಕ ಒಂದೇ ದಿನ ಕಾಣೋದು ಅಷ್ಟೇ, ಶಾಂಪೂ ಕಿತ್ಕೊಂಡು ಹೋಗಿದ್ದಲ್ಲ.

ಈಗ ತುಂಡಾಗೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಮ್ಮ ಕೈಯಲ್ಲಿರೋದು ಜಾಸ್ತಿ ಇದೇ. ತಲೆ ಚರ್ಮದಿಂದ ಹೊರಗೆ ಬಂದಿರೋ ಕೂದಲಲ್ಲಿ ಜೀವ ಇಲ್ಲ. ಅದು ಕೆರಾಟಿನ್ ಅನ್ನೋ ಪ್ರೋಟೀನಿನ ಎಳೆ, ಹೊರಗಡೆ ಮಾಡಿನ ಹೆಂಚಿನ ಥರ ಒಂದರ ಮೇಲೊಂದು ಪದರ ಕೂತಿರತ್ತೆ. ಗಾಯ ಆದ್ರೆ ಚರ್ಮ ಕೂಡ್ಕೊಳ್ಳತ್ತೆ, ಕೂದಲ ಪದರ ಎದ್ದೋದ್ರೆ ಕೂಡ್ಕೊಳ್ಳಲ್ಲ. ತಿಂಗಳಿಗೆ ಬೆಳೆಯೋದು ಸುಮಾರು 1 ಸೆಂಟಿಮೀಟರ್, ಹಾಗಾಗಿ ಸೊಂಟದ ತನಕ ಜಡೆ ಇರೋರ ತುದಿ ಕೂದಲಿಗೆ ನಾಲ್ಕೈದು ವರ್ಷ ವಯಸ್ಸು, ಅಷ್ಟು ವರ್ಷದ ಬಾಚೋದು, ತಿಕ್ಕೋದು, ಬಿಸಿಲು ಎಲ್ಲಾ ಅದೇ ತಿಂದಿರತ್ತೆ. ಬುಡಕ್ಕಿಂತ ತುದಿಗೆ ಮರ್ಯಾದೆ ಜಾಸ್ತಿ ಕೊಡಿ ಅಂತ ನಾನು ಹೇಳೋದು ಅದಕ್ಕೇ.

ಬಾಚೋದನ್ನ ಎಲ್ರೂ ನೆತ್ತಿಯಿಂದ ಶುರು ಮಾಡ್ತಾರೆ. ಮೇಲಿಂದ ಎಳೆದ್ರೆ ದಾರೀಲಿರೋ ಸಣ್ಣ ಸಣ್ಣ ಸಿಕ್ಕೆಲ್ಲಾ ಕೆಳಗೆ ಹೋಗಿ ಒಂದು ದೊಡ್ಡ ಗಂಟಾಗತ್ತೆ, ಆಮೇಲೆ ಅದನ್ನ ಜಗ್ಗಿ ಜಗ್ಗಿ ಪಟ್ ಪಟ್ ಅಂತ ಸದ್ದು ಬರೋ ಹಾಗೆ ಹರೀತಾರೆ. ಹಾಗಲ್ಲ, ಕೂದ್ಲನ್ನ ಎರಡು ಭಾಗ ಮಾಡಿ ಮುಂದಕ್ಕೆ ಹಾಕ್ಕೊಳ್ಳಿ, ತುದಿಯಿಂದ ನಾಲ್ಕು ಬೆರಳು ಮೇಲೆ ಒಂದು ಕೈಯಲ್ಲಿ ಗಟ್ಟಿ ಹಿಡ್ಕೊಳ್ಳಿ, ಆ ನಾಲ್ಕು ಬೆರಳಷ್ಟು ಮೊದ್ಲು ಬಿಡಿಸಿ. ಹಿಡಿದಿರೋದ್ರಿಂದ ಎಳೆತ ಬುಡಕ್ಕೆ ಹೋಗಲ್ಲ. ಅದು ಸಲೀಸಾಗಿ ಬಾಚೋಕೆ ಬಂತು ಅಂದ್ಮೇಲೆ ಇನ್ನೊಂದು ನಾಲ್ಕು ಬೆರಳು ಮೇಲೆ ಹೋಗಿ, ಹೀಗೇ ಮೆಟ್ಟಿಲು ಹತ್ತಿ ಕೊನೆಗೆ ನೆತ್ತಿಗೆ ಬನ್ನಿ. ಗಂಟು ಬಿಡ್ಲಿಲ್ಲ ಅಂದ್ರೆ ಬಾಚಣಿಗೆ ಪಕ್ಕಕ್ಕಿಟ್ಟು ಒಂದು ಹನಿ ಎಣ್ಣೆ ಇಲ್ಲಾ ಕಂಡೀಷನರ್ ಬೆರಳಿಗೆ ಮುಟ್ಟಿಸ್ಕೊಂಡು ಗಂಟನ್ನ ಅಗಲಕ್ಕೆ ಬಿಡಿಸಿ. ಹಲ್ಲು ಅಗಲ ಇರೋ ಬಾಚಣಿಗೆ ಇರ್ಲಿ, ಹಲ್ಲಿನ ತುದಿ ಮುರಿದಿದ್ರೆ ಬಿಸಾಕಿ, ಅದು ಕೂದ್ಲನ್ನ ಕೆರೆದು ಕೆರೆದು ಹಾಳ್ಮಾಡತ್ತೆ. ದಿನಾ ನೂರು ಸಲ ಬಾಚಿದ್ರೆ ಕೂದ್ಲು ಬೆಳೆಯತ್ತೆ ಅನ್ನೋ ಮಾತನ್ನ ನಂಬಬೇಡಿ. ಬಾಚಿದಷ್ಟೂ ಉಜ್ಜಾಟ, ಉಜ್ಜಿದಷ್ಟೂ ಸವೆತ.

ಒದ್ದೆ ಕೂದ್ಲು ಇನ್ನೂ ಸೂಕ್ಷ್ಮ. ನೀರು ಕುಡಿದು ಉಬ್ಬಿರತ್ತೆ, ಎಳೆದ್ರೆ ರಬ್ಬರ್ ಹಾಗೆ ಉದ್ದ ಆಗತ್ತೆ, ಮಿತಿ ಮೀರಿದ್ರೆ ತುಂಡಾಗತ್ತೆ. ಸ್ನಾನದ ಮನೆಯಿಂದ ಬಂದವರೇ ತಲೆಗೆ ಟವೆಲ್ ಹಾಕಿ ಪರಪರ ತಿಕ್ಕೋದನ್ನ ಇವತ್ತೇ ಬಿಟ್ಬಿಡಿ. ಮೆತ್ತಗಿರೋ ಹಳೇ ಕಾಟನ್ ಬಟ್ಟೆ ತಗೊಂಡು ಕೂದ್ಲನ್ನ ಅದರೊಳಗೆ ಹಿಡಿದು ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ, ಹಿಂಡ್ಬೇಡಿ. ಅರ್ಧ ಒಣಗೋ ತನಕ ಬಾಚ್ಬೇಡಿ, ಗುಂಗುರು ಕೂದಲಿನವರಿಗೆ ಮಾತ್ರ ಇದು ಉಲ್ಟಾ, ಅವರು ಕಂಡೀಷನರ್ ಇರುವಾಗಲೇ ಒದ್ದೇಲಿ ಬೆರಳಲ್ಲಿ ಅಥವಾ ಅಗಲ ಹಲ್ಲಿನ ಬಾಚಣಿಗೇಲಿ ಬಿಡಿಸ್ಕೊಂಡ್ರೆ ಒಳ್ಳೇದು, ಒಣಗಿದ್ಮೇಲೆ ಬಾಚಿದ್ರೆ ಸಿಕ್ಕು ಇನ್ನೂ ಜಾಸ್ತಿ. ಒದ್ದೆ ಜಡೆ ಬಿಗಿಯಾಗಿ ಹೆಣೆದು ಮಲಗೋದೂ ಬೇಡ.

ಬಿಗಿ ಅಂದ್ಮೇಲೆ ಕಟ್ಟೋ ವಿಷಯ. ಹಣೆ ಚರ್ಮ ಮೇಲಕ್ಕೆ ಎಳೆದಂಗೆ ಆಗೋಷ್ಟು ಬಿಗಿಯಾಗಿ ಪೋನಿಟೇಲ್ ಹಾಕೋರನ್ನ ನೋಡಿದ್ರೆ ನಂಗೆ ಸಂಕಟ ಆಗತ್ತೆ. ದಿನಾ ಒಂದೇ ಜಾಗದಲ್ಲಿ ಎಳೆತ ಬಿದ್ರೆ ಹಣೆ ಅಂಚು, ಕಿವಿ ಮೇಲ್ಭಾಗದಲ್ಲಿ ಕೂದ್ಲು ತೆಳ್ಳಗಾಗ್ತಾ ಹೋಗತ್ತೆ, ಬೇಗ ಸಡಿಲ ಮಾಡಿದ್ರೆ ವಾಪಸ್ ಬರತ್ತೆ, ವರ್ಷಗಟ್ಟಲೆ ಹಾಗೇ ಬಿಟ್ರೆ ಬುಡವೇ ಮುಚ್ಚೋಗಿ ಆಮೇಲೆ ಬರೋದೇ ಇಲ್ಲ. ಕಟ್ಟಿದ್ಮೇಲೆ ತಲೆ ನೋವು ಬಂತು, ಬುಡದಲ್ಲಿ ಗುಳ್ಳೆ ಎದ್ದಿದೆ ಅಂದ್ರೆ ಅದು ನಿಮ್ಮ ತಲೆ ಹೇಳ್ತಿರೋ ದೂರು. ಬರೀ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿರೋದು ತಗೊಳ್ಳಿ, ಬೈತಲೆ ಆಗಾಗ ಬದಲಾಯಿಸಿ, ಮನೇಲಿದ್ದಾಗ ಸಡಿಲ ಬಿಡಿ. ಚಿಕ್ಕ ಮಕ್ಳಿಗಂತೂ ಚೆನ್ನಾಗಿ ಕಾಣ್ಲಿ ಅಂತ ಬಿಗಿದು ಕಟ್ಲೇಬೇಡಿ, ಪಾಪ ಅವಕ್ಕೆ ಹೇಳ್ಕೊಳ್ಳೋಕೂ ಬರಲ್ಲ.

ತಲೆಗೆ ಎಷ್ಟು ದಿನಕ್ಕೊಂದ್ಸಲ ಸ್ನಾನ ಅಂತ ಎಲ್ರೂ ಕೇಳ್ತಾರೆ. ಅದಕ್ಕೆ ಎಲ್ರಿಗೂ ಒಂದೇ ಲೆಕ್ಕ ಇಲ್ಲ ಕಣ್ರಮ್ಮಾ, ನಿಮ್ಮ ತಲೆ ಚರ್ಮನ ಕೇಳಿ. ಜಿಡ್ಡು ಬೇಗ ಆಗತ್ತೆ, ಬೆವರು ಜಾಸ್ತಿ ಅನ್ನೋರು ದಿನ ಬಿಟ್ಟು ದಿನ ತೊಳೆದ್ರೂ ತಪ್ಪಿಲ್ಲ, ಒಣ ಚರ್ಮ, ಗುಂಗುರು ಕೂದ್ಲು ಇರೋರಿಗೆ ವಾರಕ್ಕೊಂದ್ಸಲ ಸಾಕು. ಶಾಂಪೂ ಇರೋದು ಬುಡಕ್ಕೆ, ಕಂಡೀಷನರ್ ಇರೋದು ತುದಿಗೆ, ಇದನ್ನ ಉಲ್ಟಾ ಮಾಡೋರೇ ಜಾಸ್ತಿ. ಶಾಂಪೂನ ಅಂಗೈಯಲ್ಲಿ ಸ್ವಲ್ಪ ನೀರಿಗೆ ಕಲಸ್ಕೊಂಡು ಬೆರಳ ತುದೀಲಿ, ಉಗುರಲ್ಲಿ ಅಲ್ಲ, ಬುಡಕ್ಕೆ ಮಸಾಜ್ ಮಾಡಿ, ನೊರೆ ಕೆಳಗೆ ಇಳಿಯುವಾಗ ಉದ್ದ ಕೂದ್ಲು ತಾನೇ ತೊಳೆದು ಹೋಗತ್ತೆ. ಕೂದ್ಲನ್ನ ತಲೆ ಮೇಲೆ ಗುಡ್ಡೆ ಹಾಕ್ಕೊಂಡು ಬಟ್ಟೆ ಒಗೆದಂಗೆ ಉಜ್ಜಿದ್ರೆ ಸಿಕ್ಕು ಗ್ಯಾರಂಟಿ. ಕಂಡೀಷನರ್ ಕಿವಿಯಿಂದ ಕೆಳಗೆ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೀರಿ. ನೀರು ಉಗುರು ಬೆಚ್ಚಗಿದ್ರೆ ಸಾಕು. ಅಡುಗೆ ಸೋಡಾ ಹಾಕಿ ತೊಳೆಯೋ ಹುಚ್ಚು ಒಂದು ಶುರುವಾಗಿದೆ, ಅದು ಕ್ಷಾರ, ಕೂದಲ ಪದರ ಎಬ್ಬಿಸಿ ಒರಟು ಮಾಡತ್ತೆ, ದಯವಿಟ್ಟು ಅದನ್ನ ಅಡುಗೆ ಮನೇಲೇ ಇಡಿ. ಈಜೋಕೆ ಹೋಗೋರು ಕೊಳಕ್ಕಿಳಿಯೋ ಮುಂಚೆ ಒಳ್ಳೇ ನೀರಲ್ಲಿ ಕೂದ್ಲು ಒದ್ದೆ ಮಾಡ್ಕೊಳ್ಳಿ, ಮೊದಲೇ ನೀರು ಕುಡಿದಿರೋ ಕೂದ್ಲು ಕ್ಲೋರಿನ್ ನೀರನ್ನ ಕಡಿಮೆ ಹೀರತ್ತೆ.

ಎಣ್ಣೆ ವಿಷಯಕ್ಕೆ ನನ್ನ ಹತ್ರ ಜಗಳ ಆಡೋರು ಬಹಳ ಜನ ಇದಾರೆ. ಎಣ್ಣೆ ಬೇಡ ಅಂತ ನಾನು ಹೇಳಲ್ಲ. ಕೊಬ್ಬರಿ ಎಣ್ಣೆ ಕೂದಲ ಒಳಗೆ ಇಳಿಯತ್ತೆ, ತೊಳೆಯೋ ಮುಂಚೆ ಹಚ್ಚಿದ್ರೆ ನೀರಿಗೆ ಉಬ್ಬೋದು, ಪ್ರೋಟೀನ್ ಕಳ್ಕೊಳ್ಳೋದು ಕಡಿಮೆ ಆಗತ್ತೆ, ಅದು ನಿಜ. ಆದ್ರೆ ಅದು ತುಂಡಾಗೋದನ್ನ ತಡೆಯೋ ಕೆಲಸ. ಬುಡಕ್ಕೆ ಸುರಿದ್ರೆ ಹೊಸ ಕೂದ್ಲು ಚಿಗುರತ್ತೆ ಅನ್ನೋದೆಲ್ಲಾ ಬಾಟಲಿ ಮೇಲಿನ ಮಾತು. ಹಾಗಾಗಿ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಅಂಗೈಗೆ ಸವರ್ಕೊಂಡು ನಡುವಿಂದ ತುದಿ ತನಕ ಹಚ್ಚಿ, ಉಳಿದಿದ್ದು ಬೇಕಿದ್ರೆ ಬುಡಕ್ಕೆ. ಎಣ್ಣೆ ಹಚ್ಕೊಂಡು ವಾರಗಟ್ಟಲೆ ಧೂಳಲ್ಲಿ ಓಡಾಡಿದ್ರೆ ಏನು ಬಂತು?

ಹೊಟ್ಟು ಇದ್ದಾಗಂತೂ ಎಣ್ಣೆ ಮುಟ್ಲೇಬೇಡಿ. ತಲೆ ಒಣಗಿದೆ, ಅದಕ್ಕೇ ಹೊಟ್ಟು ಅಂತ ಎಣ್ಣೆ ಮೆತ್ತೋದು ಎಲ್ಲಾ ಕಡೆ ನಡೆಯತ್ತೆ. ಹೊಟ್ಟಿಗೆ ಕಾರಣ ಮಲಸೀಝಿಯಾ ಅನ್ನೋ ಒಂದು ಥರದ ಫಂಗಸ್, ಎಲ್ರ ತಲೇಲೂ ಇರತ್ತೆ, ಅದು ಜೀವಿಸೋದೇ ಜಿಡ್ಡಿನ ಮೇಲೆ, ನೀವು ಎಣ್ಣೆ ಹಾಕಿದ್ರೆ ಅದಕ್ಕೆ ಊಟ ಬಡಿಸಿದಂಗೆ. ಕೀಟೋಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರೋ ಶಾಂಪೂನ ವಾರಕ್ಕೆ ಎರಡು ಸಲ ಹಾಕಿ, ಹಾಕಿದ ತಕ್ಷಣ ತೊಳೀಬೇಡಿ, 5 ನಿಮಿಷ ಬುಡದಲ್ಲಿ ಇರ್ಲಿ, ಔಷಧಿ ಕೆಲಸ ಮಾಡೋಕೆ ಟೈಮ್ ಬೇಕಲ್ವಾ. "ಆ ಶಾಂಪೂ ಏನೂ ಪ್ರಯೋಜನ ಇಲ್ಲ" ಅನ್ನೋರಲ್ಲಿ ಅರ್ಧಕ್ಕರ್ಧ ಜನ ಹಾಕಿ ಅರ್ಧ ನಿಮಿಷದಲ್ಲೇ ತೊಳೆದಿರ್ತಾರೆ. ಒಂದು ತಿಂಗಳಾದ್ರೂ ಹೋಗ್ಲಿಲ್ಲ, ಕೆಂಪಗಾಗಿ ಕಡಿತ ಇದೆ ಅಂದ್ರೆ ಡಾಕ್ಟರ್‌ಗೆ ತೋರ್ಸಿ.

ಹೇನಿಗೆ ಜಾಸ್ತಿ ಹೇಳೋದಿಲ್ಲ. ಸೀರು ಒಡೆದು ಮರಿ ಆಗೋಕೆ 7ರಿಂದ 10 ದಿನ, ಅದಕ್ಕೇ ಔಷಧಿ ಒಂದ್ಸಲ ಹಾಕಿ ಕೈ ತೊಳ್ಕೊಂಡ್ರೆ ಮತ್ತೆ ಬರೋದು. ಪ್ಯಾಕೆಟ್ ಮೇಲೆ ಬರೆದಿರೋ ದಿನಕ್ಕೆ ಎರಡನೇ ಸಲ ಹಾಕಿ, ನಡುವೆ ಕಂಡೀಷನರ್ ಹಚ್ಚಿದ ಒದ್ದೆ ಕೂದಲಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಆಡಿಸ್ತಾ ಇರಿ, ಮನೇಲಿ ಎಲ್ರ ತಲೆನೂ ಒಟ್ಟಿಗೇ ನೋಡಿ.

ಬಿಸಿ ಮೆಷಿನ್‌ಗಳ ಮಾತು ಬಂದ್ರೆ ನನ್ನ ಮಾತು ಯಾರೂ ಕೇಳಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ. ಒದ್ದೆ ಕೂದಲಿಗೆ ಸ್ಟ್ರೇಟ್ನರ್ ಒತ್ತಬೇಡಿ, ಒಳಗಿರೋ ನೀರು ಆವಿಯಾಗಿ ಎಳೆ ಒಳಗೇ ಗುಳ್ಳೆ ಏಳತ್ತೆ, ಆ ಜಾಗದಲ್ಲೇ ಮುರಿಯತ್ತೆ. ಡ್ರೈಯರ್ ಆದ್ರೆ ಒಂದು ಗೇಣು ದೂರ ಹಿಡಿದು ಆಡಿಸ್ತಾ ಇರಿ, ಒಂದೇ ಕಡೆ ನಿಲ್ಲಿಸ್ಬೇಡಿ.

ಇನ್ನು ಆ ಬಿಳಿ ಗುಂಡು ಇರೋ ಕೂದ್ಲು, ಬುಡದಿಂದ ಹೋಗೋದು. ಒಮ್ಮೆಗೇ ಮುಷ್ಟಿ ಮುಷ್ಟಿ ಬರ್ತಿದ್ರೆ ಈ ವಾರ ಏನು ಮಾಡಿದ್ರಿ ಅಂತ ಯೋಚ್ನೆ ಮಾಡ್ಬೇಡಿ, ಎರಡು ಮೂರು ತಿಂಗಳು ಹಿಂದೆ ಏನಾಗಿತ್ತು ನೆನಪು ಮಾಡ್ಕೊಳ್ಳಿ. ಜೋರು ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸಿದ್ದು, ಮನೇಲಿ ದೊಡ್ಡ ದುಃಖ. ಆಗ ಬೆಳೆಯೋದು ನಿಲ್ಲಿಸಿದ ಕೂದ್ಲು ಈಗ ಬೀಳ್ತಿರತ್ತೆ. ಬಾಣಂತಿಯರು ಇದಕ್ಕೆ ಬಹಳ ಹೆದರ್ತಾರೆ, ಹೆದರ್ಬೇಡಿ, ಗರ್ಭಿಣಿ ಇದ್ದಾಗ ಬೀಳದೆ ಉಳಿದಿದ್ದು ಈಗ ಒಟ್ಟಿಗೆ ಬೀಳ್ತಿದೆ ಅಷ್ಟೇ, ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬೋ ಹೊತ್ತಿಗೆ ಸರಿ ಹೋಗತ್ತೆ. ಆದ್ರೆ ಆರು ತಿಂಗಳಾದ್ರೂ ನಿಲ್ದೇ ಇದ್ರೆ, ಸುಸ್ತು ಇದ್ರೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗ್ತಿದ್ರೆ ಕಬ್ಬಿಣದ ಅಂಶ, ಥೈರಾಯ್ಡ್ ಪರೀಕ್ಷೆ ಮಾಡ್ಸಿ. ನಾಣ್ಯದಷ್ಟು ಗುಂಡಗೆ ಬೋಳಾದ್ರೆ, ಬೈತಲೆ ದಿನೇ ದಿನೇ ಅಗಲ ಆಗ್ತಿದ್ರೆ ಎಣ್ಣೆ ಹುಡುಕ್ತಾ ಕೂತ್ಕೋಬೇಡಿ, ಸೀದಾ ಚರ್ಮದ ಡಾಕ್ಟರ್ ಹತ್ರ ಹೋಗಿ. ಅವರು ಮಿನಾಕ್ಸಿಡಿಲ್ ಅನ್ನೋ ಕೂದ್ಲು ಬೆಳೆಸೋ ಔಷಧಿ ಬರೆದುಕೊಟ್ರೆ ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು, ಅದನ್ನ ನೋಡಿ ಬಿಟ್ಬಿಡ್ತಾರೆ ಜನ, ಗುಣ ಕಾಣೋಕೆ ನಾಲ್ಕು ತಿಂಗಳಾದ್ರೂ ಬೇಕು.

ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಈಗ ಎಲ್ರ ಮನೇಲೂ ಇದೆ. ಆ ವಿಟಮಿನ್ ಕೊರತೆ ಇರೋರೇ ಅಪರೂಪ, ಕೊರತೆ ಇಲ್ದೋರಿಗೆ ತಿಂದು ಲಾಭ ಇಲ್ಲ. ಅದಕ್ಕಿಂತ ಮುಖ್ಯ, ಅದು ಕೆಲವು ರಕ್ತ ಪರೀಕ್ಷೆಗಳ ರಿಸಲ್ಟ್ ತಪ್ಪು ತೋರ್ಸತ್ತೆ, ಥೈರಾಯ್ಡ್‌ದೂ ಅದರಲ್ಲಿ ಸೇರಿದೆ, ಅಮೆರಿಕದಲ್ಲಿ ಔಷಧಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ತಗೊಳ್ತಿದ್ರೆ ರಕ್ತ ಕೊಡೋ ಮುಂಚೆ ಹೇಳಿ. ಮಾತ್ರೆಗಿಂತ ತಟ್ಟೇಲಿ ಪ್ರೋಟೀನ್ ಸಾಕಷ್ಟು ಇದ್ಯಾ ಅಂತ ನೋಡ್ಕೊಳ್ಳಿ, ಕೂದ್ಲು ಅಂದ್ರೇ ಪ್ರೋಟೀನ್.

ತುದಿ ಕತ್ತರಿಸಿದ್ರೆ ಕೂದ್ಲು ಬೇಗ ಬೆಳೆಯಲ್ಲ, ಬುಡಕ್ಕೆ ಕತ್ತರಿ ಸುದ್ದಿ ಹೋಗಲ್ಲ. ಆದ್ರೂ ಎರಡು ಮೂರು ತಿಂಗಳಿಗೊಮ್ಮೆ ಸೀಳಿರೋ ತುದಿ ತೆಗೆಸಿ, ಇಲ್ಲಾಂದ್ರೆ ಸೀಳು ಮೇಲಕ್ಕೆ ಹತ್ತತ್ತೆ. ಬಿಳಿ ಕೂದ್ಲು ಒಂದು ಕಿತ್ರೆ ಹತ್ತು ಬರಲ್ಲ, ಆದ್ರೂ ಕೀಳಬೇಡಿ, ಕಿತ್ತು ಕಿತ್ತು ಬುಡ ಹಾಳಾದ್ರೆ ಬಿಳೀದೂ ಇರಲ್ಲ. ಬಣ್ಣ ಹಾಕೋರು ಹಾಕ್ಕೊಳ್ಳಿ, ನಾನೇನೂ ಬೇಡ ಅನ್ನಲ್ಲ. ಪಿಪಿಡಿ ಅನ್ನೋ ಕೆಮಿಕಲ್ ಕಪ್ಪು ಡೈಗಳಲ್ಲಿ ಹೆಚ್ಚಾಗಿ ಇರತ್ತೆ, ಕೆಲವರಿಗೆ ಮುಖ ಕಣ್ಣೆಲ್ಲಾ ಊದ್ಕೊಳ್ಳೋಷ್ಟು ಅಲರ್ಜಿ ಆಗತ್ತೆ, ಅದೂ ಎಷ್ಟೋ ವರ್ಷ ಏನೂ ಆಗ್ದೇ ಇದ್ದೋರಿಗೆ ಇದ್ದಕ್ಕಿದ್ದಂಗೆ. ಹಾಗಾಗಿ ಪ್ರತಿ ಸಲ 48 ಗಂಟೆ ಮುಂಚೆ ಕಿವಿ ಹಿಂದೆ ಇಲ್ಲಾ ಮೊಣಕೈ ಒಳಗಡೆ ಪ್ಯಾಕೆಟ್‌ನಲ್ಲಿ ಹೇಳಿದ ಹಾಗೆ ಒಂದು ಚುಕ್ಕೆ ಹಚ್ಚಿ ನೋಡಿ, ಉರಿ, ಕಡಿತ, ಕೆಂಪು ಏನು ಬಂದ್ರೂ ಆ ಡೈ ತಲೆಗೆ ಬೇಡ.