ಸ್ಟೀಫನ್‌ಸನ್ ಹಿಮನದಿಯ ಅಂಚನ್ನು ನಾನು ಗುರುತಿಸಿದ ಬಗೆ

ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ದ್ವೀಪವು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, 53 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. 1947ರಲ್ಲಿ 289 ಚದರ ಕಿಲೋಮೀಟರ್ ಇದ್ದ ಅಲ್ಲಿನ ಹಿಮನದಿಗಳು 2019ರ ಹೊತ್ತಿಗೆ 225ಕ್ಕೆ ಇಳಿದಿವೆ, ಪೂರ್ವ ಭಾಗದ ಸ್ಟೀಫನ್‌ಸನ್ ಹಿಮನದಿಯೊಂದೇ ಸುಮಾರು 5.8 ಕಿಲೋಮೀಟರ್ ಹಿಂದೆ ಸರಿದಿದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಊರಾಗಲಿ ಕಾರ್ಖಾನೆಯಾಗಲಿ ಇಲ್ಲದ ದ್ವೀಪದಲ್ಲಿ ಇಷ್ಟು ಹಿಮ ಕರಗಿಹೋಗಿರುವುದು ನನ್ನನ್ನು ಕಲಕಿತು. ವಿಮಾನ ಇಳಿಯಲು ಜಾಗವಿಲ್ಲದ ಆ ದ್ವೀಪವನ್ನು ತಲುಪುವುದು ಸುಲಭವಲ್ಲ. ಹಾಗಾಗಿ ಹಿಮನದಿಯ ಈ ಹಿಂಸರಿತವನ್ನು ನಾನು ಅಳೆದದ್ದು ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್-2 ಉಪಗ್ರಹ ಚಿತ್ರಗಳಿಂದಲೇ.

ಹೆಚ್ಚು ಹೊತ್ತು ಹಿಡಿದದ್ದು ಚಿತ್ರಗಳ ಆಯ್ಕೆ. 2,745 ಮೀಟರ್ ಎತ್ತರದ ಬಿಗ್ ಬೆನ್ ಜ್ವಾಲಾಮುಖಿಗೆ ಪಶ್ಚಿಮದ ಗಾಳಿ ಬಡಿದು ಮೋಡ ಕಟ್ಟುವುದರಿಂದ ದ್ವೀಪ ಕಾಣುವ ದಿನಗಳೇ ವಿರಳ. ಕಂಡ ದಿನವೂ ಹೊಸ ಹಿಮ ಬಿದ್ದಿದ್ದರೆ ಬಂಡೆಗೂ ಹಿಮನದಿಗೂ ವ್ಯತ್ಯಾಸ ತಿಳಿಯದು. ಆದ್ದರಿಂದ ಅಲ್ಲಿನ ಬೇಸಿಗೆ ಮುಗಿಯುವ ಫೆಬ್ರವರಿ, ಮಾರ್ಚ್ ತಿಂಗಳ ಚಿತ್ರಗಳನ್ನು ಆರಿಸಿಕೊಂಡೆ. ಹಿಮನದಿಯ ಕೆಳತುದಿ ಮೋಡದಿಂದ ಹೊರಗಿದ್ದರೆ ಅಷ್ಟೇ ಸಾಕಾಯಿತು.

ಹಿಮವು ಹಸಿರು ಬೆಳಕನ್ನು ಚೆನ್ನಾಗಿ ಪ್ರತಿಫಲಿಸಿ, ಕಣ್ಣಿಗೆ ಕಾಣದ ಕಿರುತರಂಗದ ಅವಗೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ 0.4ಕ್ಕಿಂತ ಹೆಚ್ಚು ಬಂದರೆ ಹಿಮವೆಂದು ಎಣಿಸುವುದು ವಾಡಿಕೆ. ಆದರೆ ಸ್ಟೀಫನ್‌ಸನ್ ತೆರವು ಮಾಡಿದ ಜಾಗದಲ್ಲಿ ಈಗ ದೊಡ್ಡದೊಂದು ಲಗೂನ್, ಅಂದರೆ ಕಡಲಂಚಿನ ಸರೋವರ, ಇದೆ. ಹಿಮನದಿ ಅರೆದ ಕಲ್ಲಿನ ಹುಡಿ ಬೆರೆತ ನೀರು ಹಸಿರಿನಲ್ಲಿ ಹೊಳೆದು ಕಿರುತರಂಗದಲ್ಲಿ ಕಪ್ಪಾಗಿರುವುದರಿಂದ ಈ ಸೂತ್ರ ನೀರನ್ನೂ ಹಿಮವೆಂದೇ ಎಣಿಸಿಬಿಡುತ್ತದೆ. ಕೆಂಪು ಬೆಳಕಿಗೆ ಸಮೀಪದ ಅವಗೆಂಪಿನಲ್ಲಿ ಹಿಮ ಬೆಳ್ಳಗೂ ನೀರು ಕಪ್ಪಗೂ ಕಾಣುತ್ತದೆಯಾದ್ದರಿಂದ ಆ ಪಟ್ಟಿಯನ್ನೂ ಸೇರಿಸಿ ಎರಡನ್ನೂ ಬೇರ್ಪಡಿಸಿದೆ. ತೇಲುವ ಮಂಜುಗಡ್ಡೆಗಳನ್ನು ಮಾತ್ರ ಒಂದೊಂದಾಗಿ ನೋಡಿ ತೆಗೆಯಬೇಕಾಯಿತು.

ತುದಿಯ ಒಂದು ಬದಿ ಬೇಗ, ಇನ್ನೊಂದು ಬದಿ ನಿಧಾನವಾಗಿ ಸರಿಯುವುದರಿಂದ, ಕಳೆದುಹೋದ ವಿಸ್ತೀರ್ಣವನ್ನು ಹಿಮನದಿಯ ಅಗಲದಿಂದ ಭಾಗಿಸಿ, ಹಿಂದೆ ಸರಿದ ದೂರದ ಸರಾಸರಿ ಪಡೆದೆ.

ಕಪ್ಪು ಜ್ವಾಲಾಮುಖಿ ಕಲ್ಲುಪುಡಿ ಮುಚ್ಚಿಕೊಂಡ ಅಂಚುಗಳಲ್ಲಿ ಹಿಮ ಗುರುತಿಸುವ ಆ ಸೂತ್ರ ನೆರವಾಗುವುದಿಲ್ಲ. ಅಲ್ಲಿ ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡಿದೆ. ಸಣ್ಣ ಹೊಂಡಗಳು ಹುಟ್ಟಿ, ಹಿಗ್ಗಿ, ಜಾಗ ಬದಲಿಸುತ್ತಿದ್ದರೆ ಅಡಿಯಲ್ಲಿ ಮಂಜುಗಡ್ಡೆ ಕರಗುತ್ತಿದೆ ಎಂದು ತೀರ್ಮಾನಿಸಿ ಕೈಯಿಂದ ಗೆರೆ ಎಳೆದೆ. ಈ ಗೆರೆಗಳು ನನ್ನ ಊಹೆಯನ್ನು ಅವಲಂಬಿಸಿರುವುದರಿಂದ ಅವುಗಳನ್ನು ನಕ್ಷೆಯಲ್ಲಿ ಬೇರೆಯದೇ ಪದರದಲ್ಲಿ ಇಟ್ಟಿದ್ದೇನೆ. ಮುಂದೆ ದ್ವೀಪಕ್ಕೆ ಹೋಗಿ ಬಂದವರು ಉಳಿದ ಅಂಚನ್ನು ಮುಟ್ಟದೆ ಅವನ್ನಷ್ಟೇ ತಿದ್ದಬಹುದು.