ಆಟಿಯ ಮಳೆಗೂ ಬಾಗದ ಕಾಗದದ ಮನೆಗಳು

ಕಾಸರಗೋಡಿನ ಆಟಿ ತಿಂಗಳ ತೇವಕ್ಕೆ ಕಾಗದದ ಕಟ್ಟಡ ನಿಲ್ಲುವುದಿಲ್ಲ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಿಟ್ ತರಿಸುವುದೇ ಒಳ್ಳೆಯದು ಎಂದು ನನ್ನೊಡನೆ ಪುಟ್ಟ ಬೊಂಬೆ ಸೈನಿಕರ ಯುದ್ಧದಾಟ ಆಡುವವರೆಲ್ಲ ಹೇಳುತ್ತಿದ್ದರು. 28 ಮಿ.ಮೀ. ಎತ್ತರದ ಆ ಸೈನಿಕರಿಗಾಗಿ ನಾನು ಪ್ರಿಂಟ್ ತೆಗೆದು ಕಟ್ಟಿದ ಊರು ಕಳೆದ ಮಳೆಗಾಲವಿಡೀ ತೆರೆದ ಕಪಾಟಿನಲ್ಲಿತ್ತು. ಒಂದು ಗೋಡೆಯೂ ಬಾಗಲಿಲ್ಲ.

ಅದಕ್ಕೂ ಮೊದಲು ಶಾಯಿ, ಕಾರ್ಡ್ ಎಂದು ಎರಡು ಸಾವಿರ ರೂಪಾಯಿಯಷ್ಟು ಹೋಗಿತ್ತು. ಇಂಕ್‌ಜೆಟ್ ಬಣ್ಣ ವಾರ್ನಿಶ್ ತಗಲಿದೊಡನೆ ಹರಡುತ್ತಿತ್ತು. ಅಂಗಡಿಯ ಲೇಸರ್ ಪ್ರಿಂಟ್ ಹರಡುವುದಿಲ್ಲ, ಆದರೆ ಮಡಿಚಿದಲ್ಲಿ ಟೋನರ್ ಬಿರಿದು ಮೂಲೆಯುದ್ದಕ್ಕೂ ಬಿಳಿ ಗೆರೆ ಕಾಣುತ್ತದೆ. ಬಿಳಿ ಅಂಟು ಹಚ್ಚಿದ ಹಾಳೆ ಮೊದಲು ಹಿಗ್ಗಿ, ಒಣಗುವಾಗ ಕುಗ್ಗಿ, ಗೋಡೆಯಾಗಿ ನಿಲ್ಲುವ ಫೋಮ್ ಬೋರ್ಡನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಆದ್ದರಿಂದ ಈಗ ಬೋರ್ಡಿನ ಒಳಮೈಗೂ ಹೊರಗಿನಷ್ಟೇ ದಪ್ಪದ ಹಾಳೆಯನ್ನು, ಎರಡರ ನಾರಿನ ಎಳೆಯೂ ಒಂದೇ ದಿಕ್ಕಿಗೆ ಬರುವಂತೆ, ಸ್ಪ್ರೇ ಅಂಟಿನಿಂದ ಅಂಟಿಸುತ್ತೇನೆ. ಎಳೆತ ಎರಡೂ ಕಡೆ ಸಮವಾದರೆ ಗೋಡೆ ನೆಟ್ಟಗಿರುತ್ತದೆ. ಮೂಲೆಗಳನ್ನು ಮಡಿಚುವುದೇ ಇಲ್ಲ. ಕಲ್ಲಿನ ಸಾಲುಗಳಂತೆ ಹಲ್ಲುಹಲ್ಲಾಗಿ ಕತ್ತರಿಸಿದ ತೆಳು ಪಟ್ಟಿಯೊಂದು ಮೂಲೆಯನ್ನು ಸುತ್ತಿದರೆ, ಸಂದು ಯಾವುದು, ಕಲ್ಲಿನ ಗೆರೆ ಯಾವುದು ಎಂದು ತಿಳಿಯದು. ಪಟ್ಟಿಯ ಅಂಚಿಗೆ ಹಚ್ಚುವ ಬಣ್ಣದ ಮಿಶ್ರಣವನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೋಡೆಗೆ ನಮ್ಮ ಕೆಂಪುಕಲ್ಲಿನದೇ ಫೋಟೋ. ಮೋಡದ ದಿನ ತೆಗೆದರೆ ನೆರಳಿನ ಕಾಟವಿಲ್ಲ. ಈ ಸೈನಿಕರಿಗೆ ಹೊಂದುವ 1:56 ಅಳತೆಯಲ್ಲಿ (ನಿಜದ ಐವತ್ತಾರರಲ್ಲಿ ಒಂದು ಪಾಲು) ಒಂದೂಕಾಲು ಅಡಿಯ ಕಲ್ಲು ಸುಮಾರು 7 ಮಿ.ಮೀ. ಆಗುತ್ತದೆ. ಒಂದೇ ತುಣುಕನ್ನು ಸಾಲಾಗಿ ಜೋಡಿಸಿದರೆ ಅದೇ ಕಪ್ಪು ತೂತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನಾಲ್ಕೈದು ಬೇರೆ ಗೋಡೆಗಳ ತುಣುಕುಗಳನ್ನು ಬೆರೆಸಬೇಕು.

ನಮ್ಮ ಆಟ 1790–92ರ ಮೈಸೂರು ಯುದ್ಧದ್ದು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಟಿಪ್ಪುವಿನ ಸೈನಿಕರ ಹಿಂದೆ ಮಂಗಳೂರು ಹೆಂಚಿನ ಮಾಡು ಇರುವುದನ್ನು ನಾನು ಒಪ್ಪಲಾರೆ. ಹಾಗಾಗಿ ಪ್ರತಿ ಮನೆಗೂ ತೆಗೆದಿಡಬಹುದಾದ ಎರಡು ಮಾಡುಗಳಿವೆ, ಒಂದು ಮುಳಿಹುಲ್ಲಿನದು, ಇನ್ನೊಂದು ನಂತರದ ಕಾಲದ ಆಟಗಳಿಗೆ ಹೆಂಚಿನದು. ಮುಳಿಮಾಡಿಗೆ ಅಡಿಕೆ ಹಾಳೆಯನ್ನು ನೆನೆಸಿ, ಎಳೆ ಸೀಳಿ ಅಂಟಿಸಿ ನೋಡಿದೆ. ನೋಟ ಬಹಳ ಚೆನ್ನಾಗಿತ್ತು, ಆದರೆ ಬೂಷ್ಟು ಬಂತು. ಕೊನೆಗೆ ಆ ಹಾಳೆಯನ್ನೇ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದೆ.

ಒಂದು ಮನೆಗೆ ಈಗ ಹೆಚ್ಚೆಂದರೆ ನೂರು ರೂಪಾಯಿ ಬೀಳುತ್ತದೆ. ಅಷ್ಟೇ ದೊಡ್ಡ ಎಂಡಿಎಫ್ ಕಿಟ್ಟಿಗೆ ಸಾವಿರದ ಹತ್ತಿರ ಕೇಳುತ್ತಾರೆ. ಸದ್ಯ ಬೇಕಲ ಕೋಟೆಯ ದುಂಡು ಕೊತ್ತಳದ ಕೆಲಸ ನಡೆದಿದೆ. ಮೇಲೆ ಹೋದಂತೆ ಕಿರಿದಾಗುವ ಗೋಡೆಗೆ ನೇರ ಪಟ್ಟಿ ಸುತ್ತಿದರೆ ಕಲ್ಲಿನ ಸಾಲು ಓರೆಯಾಗುತ್ತದೆ. ಹಾಳೆಯ ಆಕಾರವನ್ನೇ ಬಿಲ್ಲಿನಂತೆ ಬಾಗಿಸಿ ಬರೆದು, ಸಾಲುಗಳನ್ನೂ ಅದೇ ಬಾಗಿನಲ್ಲಿ ಎಳೆಯಬೇಕು. ಎ4ರಲ್ಲಿ ಅದು ಮೂರು ತುಂಡಾಗಿ ಬರುತ್ತದೆ, ಸಂದುಗಳಿಗೆ ಮತ್ತೆ ಹಲ್ಲಿನ ಪಟ್ಟಿಯೇ.