ಜಪಾನ್ ನೂಡಲ್ ಅಂಗಡಿಗೆ ಮೊದಲ ಸಲ ಹೋಗೋರಿಗೆ

ಟೋಕಿಯೋಗೆ ಹೊಸದಾಗಿ ಬಂದ ನಮ್ಮೋರು ತಿಂಗಳುಗಟ್ಲೆ ಇಂಡಿಯನ್ ಹೋಟ್ಲಲ್ಲೇ ತಿಂತಿರ್ತಾರೆ, ಮನೆ ಪಕ್ಕದ ಗಲ್ಲೀಲೇ ಎಂಟು ಸ್ಟೂಲಿನ ರಾಮೆನ್ ಅಂಗಡಿ ಇದ್ರೂ ಬಾಗಿಲ ಪರದೆ ಸರಿಸಿ ಒಳಗೆ ಕಾಲಿಡೋಕೆ ಧೈರ್ಯ ಸಾಲಲ್ಲ. ನಾನೂ ಹಂಗೇ ಇದ್ದೆ. ನೀವು ಸ್ಟೇಷನ್‌ಗಳಲ್ಲಿರೋ ತಾಚಿಗುಯಿ ಸೋಬಾ, ಅಂದ್ರೆ ನಿಂತ್ಕೊಂಡು ನೂಡಲ್ ತಿನ್ನೋ ಅಂಗಡಿಯಿಂದ ಶುರು ಮಾಡಿ, ಅದು ನಮ್ ದರ್ಶಿನಿ ಥರಾನೇ, ಮೊದ್ಲು ದುಡ್ಡು, ಆಮೇಲೆ ಟೋಕನ್, ನಿಂತೇ ತಿಂದು ಹತ್ತು ನಿಮಿಷದಲ್ಲಿ ಆಚೆ.

ಬಾಗಿಲ ಹತ್ರ ಟಿಕೆಟ್ ಮೆಷಿನ್ ಇರುತ್ತೆ. ಕಾಂಜಿ, ಅಂದ್ರೆ ಜಪಾನಿ ಬರಹದ ಚಿತ್ರದಂಥ ಅಕ್ಷರ ಓದೋಕೆ ಬರಲ್ವಾ, ಎಡಗಡೆ ಮೇಲಿನ ಬಟನ್ ಒತ್ತಿ, ಸಾಮಾನ್ಯವಾಗಿ ಅದೇ ಆ ಅಂಗಡಿ ಸ್ಪೆಷಲ್. ಜೇಬಲ್ಲಿ 100 ಯೆನ್ ನಾಣ್ಯಗಳನ್ನ ಇಟ್ಕೊಳ್ಳಿ, 2024 ಜುಲೈಲಿ ಹೊಸ ನೋಟು ಬಂತು, ಸಣ್ಣ ಅಂಗಡಿಯ ಹಳೇ ಮೆಷಿನ್ ಕೆಲವು ಅದನ್ನ ವಾಪಸ್ ಉಗೀತಾವೆ. ಚೀಟಿ ಕೊಟ್ರೆ "ಸೋಬಾನಾ ಉಡೋನ್ನಾ" ಅಂತ ಕೇಳ್ಬಹುದು, ಒಂದು ಹೇಳಿ, ಅಷ್ಟೇ. ಉಡೋನ್ ಅಂದ್ರೆ ದಪ್ಪ ಗೋಧಿ ನೂಡಲ್, ಸೋಬಾ ಅಂದ್ರೆ ಬಕ್‌ವೀಟ್ ಅನ್ನೋ ಕಾಳಿನ ನೂಡಲ್, ಇದು ಕೆಲವರಿಗೆ ಜೋರು ಅಲರ್ಜಿ ಆಗುತ್ತೆ, ಗಮನ ಇರ್ಲಿ.

ಈಗ ವೆಜಿಟೇರಿಯನ್ನರ ಪಾಡು. ಕಿತ್ಸುನೆ ಉಡೋನ್ ನೋಡಿದ್ರೆ ಮೇಲೆ ಬರೀ ಕರಿದ ತೋಫು, ಮಾಂಸದ ಒಂದು ಚೂರೂ ಕಾಣಲ್ಲ, ಆದ್ರೆ ಸಾರಿನ ಬುಡವೇ ದಾಶಿ, ಅದು ಒಣಗಿಸಿ ಹೊಗೆ ಹಾಕಿದ ಮೀನು ಹೆರೆದು ಮಾಡೋದು. ಜಾರು ಸೋಬಾ ಅನ್ನೋ ತಣ್ಣಗಿನ ನೂಡಲ್ ಜೊತೆ ಕೊಡೋ ಅದ್ದಿಕೊಳ್ಳೋ ರಸದಲ್ಲೂ ಅದೇ. "ಮಾಂಸ ಬೇಡ" ಅಂದ್ರೆ ಮೇಲಿನ ತುಂಡು ತೆಗೆದು ಅದೇ ಸಾರು ಕೊಡ್ತಾರೆ, ಮೋಸ ಮಾಡೋಕಲ್ಲ, ಅವರ ಲೆಕ್ಕದಲ್ಲಿ ದಾಶಿ ಮಾಂಸಾನೇ ಅಲ್ಲ. ಹಾಗಾಗಿ "ದಾಶಿ ವಾ ಸಕಾನಾ ದೆಸ್ ಕಾ", ದಾಶಿ ಮೀನಿಂದಾ ಅಂತ ಕೇಳಿ, ಉತ್ತರ ಮುಕ್ಕಾಲು ಪಾಲು "ಹಾಯ್", ಅಂದ್ರೆ ಹೌದು ಅಂತಾನೇ ಬರುತ್ತೆ. ಕಟ್ಟುನಿಟ್ಟಿನೋರು ಟೋಕಿಯೋ ಸ್ಟೇಷನ್ ಒಳಗಿರೋ ಟೀಸ್ ತಾನ್‌ತಾನ್‌ಗೆ ಹೋಗಿ, ಅಲ್ಲಿ ರಾಮೆನ್ ಪೂರ್ತಿ ವೀಗನ್.

ಕೂತು ತಿನ್ನೋ ಸೋಬಾ ಅಂಗಡೀಲಿ ತಣ್ಣಗಿನ ಸೋಬಾ ಮುಗಿಯೋ ಹೊತ್ತಿಗೆ ಒಂದು ಪುಟ್ಟ ಪಾತ್ರೇಲಿ ಬಿಳಿ ಬಿಸಿನೀರು ತಂದಿಡ್ತಾರೆ, ಅದು ನೂಡಲ್ ಬೇಯಿಸಿದ ನೀರು, ಸೋಬಾಯು. ಮೊದಲ ಸಲ ನಾನು ಕೈ ತೊಳೆಯೋಕೆ ಅನ್ಕೊಂಡಿದ್ದೆ, ಪುಣ್ಯಕ್ಕೆ ಪಕ್ಕದ ಅಜ್ಜನ್ನ ನೋಡಿ ಉಳ್ಕೊಂಡೆ! ಮಿಕ್ಕಿದ ರಸಕ್ಕೆ ಸುರ್ಕೊಂಡು ಕುಡೀಬೇಕು, ಗಂಜಿ ತಿಳಿ ಥರ ಹಿತವಾಗಿರುತ್ತೆ.

ಸೊರ್ ಅಂತ ಎಳೆದು ತಿಂದ್ರೆ ಯಾರೂ ಏನೂ ಅನ್ಕೊಳಲ್ಲ. ಟಿಪ್ಸ್ ಇಡ್ಬೇಡಿ, ಹಿಂದೆ ಓಡಿಬಂದು ವಾಪಸ್ ಕೊಡ್ತಾರೆ. ಬಟ್ಟಲು ಕೌಂಟರ್ ಮೇಲಿಟ್ಟು "ಗೊಚಿಸೋಸಮಾ", ಅಂದ್ರೆ ಊಟಕ್ಕೆ ಥ್ಯಾಂಕ್ಸ್ ಅಂದು ಹೊರಡಿ, ಹಿಂದೆ ಕ್ಯೂ ಕಾಯ್ತಿರುತ್ತೆ.